ಸರಳಾಳ ಕಥೆಯನ್ನು ಯಾರು ಹೇಳಬೇಕು?

2017ರ ಜುಲೈ ತಿಂಗಳ ಒಂದು ಮಳೆಯ ಸಂಜೆ ಮಂಗಳೂರಿನ ಚಿತ್ರಮಂದಿರವೊಂದರಲ್ಲಿ ಕುಳಿತು ‘ಒಂದು ಮೊಟ್ಟೆಯ ಕಥೆ’ ನೋಡಿದೆ. ಸೀಟಿನ ಎರಡೂ ಕೈಗಳು ನನ್ನ ಸೊಂಟವನ್ನು ಒತ್ತುತ್ತಿದ್ದವು. ಅದು ನನಗೆ ಹೊಸದಲ್ಲ. ಬಸ್ಸಿನಲ್ಲಿ, ಮದುವೆ ಹಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಪ್ಪತ್ತು ವರ್ಷಗಳಿಂದ ಅಭ್ಯಾಸವಾಗಿಹೋಗಿದೆ. ಚಿತ್ರ ಚೆನ್ನಾಗಿತ್ತು. ಎಲ್ಲರ ಜೊತೆ ನಾನೂ ಮನಸಾರೆ ನಗುತ್ತಿದ್ದೆ. ಅಷ್ಟರಲ್ಲಿ ತೆರೆಯ ಮೇಲೆ ಸರಳಾ ಎಂಬ ದಪ್ಪ ಹುಡುಗಿ ಕಾಣಿಸಿಕೊಂಡಳು. ಅವಳು ಬಾಯಿ ತೆರೆದು ಒಂದು ಮಾತನ್ನೂ ಆಡುವ ಮೊದಲೇ ನನ್ನ ಹಿಂದಿನ ಸಾಲಿನಲ್ಲಿ ನಗು ಎದ್ದಿತು. ನನ್ನ ನಗು ಗಂಟಲಲ್ಲೇ ನಿಂತಿತು.

ಆ ನಗುವಿನ ಬಗ್ಗೆ ಬರೆಯಬೇಕೆಂದು ಆಗಲೇ ಅನ್ನಿಸಿತ್ತು. ಆದರೆ ಬರೆಯುವುದಕ್ಕೆ ಸಂಕೋಚವಾಯಿತು. ದಪ್ಪ ಹೆಂಗಸೊಬ್ಬಳು ದಪ್ಪದ ಬಗ್ಗೆ ಬರೆದರೆ ಓದುವವರು ಮೊದಲು ಊಹಿಸುವುದು ಅವಳ ತೂಕವನ್ನಲ್ಲವೇ? ಆಮೇಲೆ ಇದೇ ಕಥೆ ಮಲಯಾಳಕ್ಕೂ ಹಿಂದಿಗೂ ಹೋಯಿತು. ಮೂರನ್ನೂ ಮತ್ತೆ ನೋಡಿದಾಗ ಸಂಕೋಚಕ್ಕಿಂತ ಪ್ರಶ್ನೆ ದೊಡ್ಡದಾಯಿತು. ಹಾಗಾಗಿ ಈ ಬರಹ.

ರಾಜ್ ಬಿ. ಶೆಟ್ಟಿಯವರು ನಿರ್ದೇಶಿಸಿ ತಾವೇ ನಟಿಸಿದ ಮೊದಲ ಚಿತ್ರ ಅದು. ಕಥಾನಾಯಕ ಜನಾರ್ದನ ಮಂಗಳೂರಿನ ಕಾಲೇಜೊಂದರ ಕನ್ನಡ ಉಪನ್ಯಾಸಕ. ವಯಸ್ಸು 28. ರಾಜ್‌ಕುಮಾರ್ ಅಭಿಮಾನಿ. ತಲೆಯಲ್ಲಿ ಕೂದಲಿಲ್ಲ. ಅದೊಂದೇ ಕಾರಣಕ್ಕೆ ಹೆಣ್ಣು ಸಿಗುವುದಿಲ್ಲ, ತರಗತಿಯಲ್ಲಿ ಮರ್ಯಾದೆ ಇಲ್ಲ, ನೆಂಟರ ಬಾಯಿಗೆ ಬಿಡುವಿಲ್ಲ. ಅವನ ಸಂಕಟವನ್ನು ಚಿತ್ರ ಒಂದೊಂದೇ ಮೆಟ್ಟಿಲು ಇಳಿಸಿ ತೋರಿಸುತ್ತದೆ. ನಗಿಸುತ್ತಲೇ ನೋಯಿಸುತ್ತದೆ. ಮಂಗಳೂರಿನ ಕನ್ನಡವನ್ನು ಹಾಸ್ಯಕ್ಕೆಂದು ತಿರುಚದೆ, ಜನ ಆಡುವ ಹಾಗೆಯೇ ತೆರೆಗೆ ತಂದದ್ದು ಅದರ ಇನ್ನೊಂದು ಹೆಚ್ಚುಗಾರಿಕೆ.

ಫೇಸ್‌ಬುಕ್ಕಿನಲ್ಲಿ ಪರಿಚಯವಾದ ಸರಳಾಳನ್ನು ಜನಾರ್ದನ ಎದುರಿಗೆ ಕಂಡಾಗ ಕಥೆ ಮಗುಚಿಕೊಳ್ಳುತ್ತದೆ. ಜನ ತನ್ನ ತಲೆಯನ್ನು ಕಂಡು ಏನು ಮಾಡಿದ್ದರೋ ಅದನ್ನೇ ಅವನು ಅವಳ ಮೈಯನ್ನು ಕಂಡು ಮಾಡುತ್ತಾನೆ. ನೊಂದವನೇ ನೋಯಿಸುವವನಾಗುತ್ತಾನೆ. ಕೊನೆಗೆ ಅವನಿಗೆ ತನ್ನ ತಪ್ಪಿನ ಅರಿವಾಗುತ್ತದೆ. ಕನ್ನಡದಲ್ಲಿ ಇಷ್ಟು ಪ್ರಾಮಾಣಿಕವಾಗಿ ನಾಯಕನ ಸಣ್ಣತನವನ್ನು ತೋರಿಸಿದ ಚಿತ್ರಗಳು ಹೆಚ್ಚಿಲ್ಲ. ನಾನು ಚಿತ್ರವನ್ನು ಇಷ್ಟಪಟ್ಟದ್ದೂ ಅದಕ್ಕೇ.

ಆದರೆ ಒಂದು ಸಂಗತಿ ಕಾಡುತ್ತದೆ. ನಾವು ಸರಳಾಳನ್ನು ನೋಡುವುದು ಹೆಚ್ಚಾಗಿ ಜನಾರ್ದನನ ಕಣ್ಣಿನಿಂದ. ಅವನು ಸಪ್ಪಗಾದಾಗ ನಾವೂ ಸಪ್ಪಗಾಗುತ್ತೇವೆ. ಅವನು ಒಪ್ಪಿದಾಗ ನಮಗೂ ಸಮಾಧಾನ. ಅವಳ ದೇಹ ಅವನು ಕಲಿಯಬೇಕಾದ ಒಂದು ಪಾಠ. ಅವನು ಪಾಸಾದ, ನಾವು ಚಪ್ಪಾಳೆ ತಟ್ಟಿದೆವು. ಪಾಠಪುಸ್ತಕಕ್ಕೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಜನಾರ್ದನನಿಗೆ ಬೋಳುತಲೆ ಬಂದು ಎಷ್ಟೋ ವರ್ಷವಾಗಿದ್ದರೆ, ಸರಳಾಳಿಗೂ ತನ್ನ ಮೈಯೊಡನೆ ಬಾಳಿ ಅಷ್ಟೇ ವರ್ಷವಾಗಿರಬೇಕು. ಆ ವರ್ಷಗಳ ಕಥೆ ಎಲ್ಲಿ?

ಇದು ಒಂದೇ ಚಿತ್ರದ ಕೊರತೆಯಲ್ಲ. ನಮ್ಮ ಮಾತಿನಲ್ಲೇ ಇದರ ಬೇರು ಇದೆ. ನನ್ನ ಅಜ್ಜಿಯ ಕಾಲದಲ್ಲಿ ‘ಮೈಕೈ ತುಂಬಿಕೊಂಡಿದ್ದಾಳೆ’ ಎಂದರೆ ಹೊಗಳಿಕೆ. ‘ಯಾಕಮ್ಮ ಇಷ್ಟು ಇಳಿದುಹೋಗಿದ್ದೀಯಾ’ ಎಂದರೆ ಆತಂಕ. ಹಸಿವು, ಕ್ಷಯ, ಬಾಣಂತನದ ಸಾವುಗಳನ್ನು ಕಂಡ ತಲೆಮಾರಿಗೆ ಮೈ ತುಂಬಿಕೊಳ್ಳುವುದು ಬದುಕಿನ ಗುರುತು. ಇಂದು ‘ಇಳಿದಿದ್ದೀಯಾ’ ಎಂದರೆ ಕೇಳಿದವಳ ಮುಖ ಅರಳುತ್ತದೆ. ‘ತುಂಬಿಕೊಂಡಿದ್ದೀಯಾ’ ಎಂದರೆ ಬಾಡುತ್ತದೆ. ಎರಡು ತಲೆಮಾರಿನಲ್ಲಿ ಎರಡು ಮಾತುಗಳು ಜಾಗ ಬದಲಾಯಿಸಿಕೊಂಡವು. ಬದಲಾಗದ್ದು ಒಂದೇ: ಹೆಣ್ಣಿನ ಮೈಯನ್ನು ಕಂಡವರೆಲ್ಲ ಅಳೆಯಬಹುದು, ಅಳೆದದ್ದನ್ನು ಬಾಯಿಬಿಟ್ಟು ಹೇಳಲೂಬಹುದು ಎಂಬ ಸಲುಗೆ. ‘ಎಂತ ಮಾರಾಯ್ತಿ, ಇನ್ನೂ ದಪ್ಪ ಆಗಿದ್ದೀಯಲ್ಲ!’ ಎನ್ನುವುದು ನಮ್ಮ ಕರಾವಳಿಯಲ್ಲಿ ಇಂದಿಗೂ ಕುಶಲ ವಿಚಾರಿಸುವ ಒಂದು ಕ್ರಮ. ಗಂಡಸಿನ ಹೊಟ್ಟೆ ಮುಂದೆ ಬಂದರೆ ‘ಅನುಕೂಲಸ್ಥ’ ಎನ್ನುವ ಬಾಯಿಯೇ ಹೆಂಗಸಿಗೆ ‘ದಡೂತಿ’ ಎನ್ನುತ್ತದೆ.

ತೆರೆಯೂ ಈ ಅಳತೆಯನ್ನು ಬೆಳೆಸಿತು. ಉಮಾದೇವಿ ಎಂಬ ಗಾಯಕಿಯನ್ನು ನೆನೆಯಿರಿ. 1947ರ ‘ದರ್ದ್’ ಚಿತ್ರಕ್ಕೆ ನೌಷಾದರ ಸಂಗೀತದಲ್ಲಿ ಹಾಡಿ ಹೆಸರಾದವರು. ಕೆಲವೇ ವರ್ಷಗಳಲ್ಲಿ ಅವರು ಹಾಡುವುದು ಕಡಿಮೆಯಾಗಿ, 1950ರ ‘ಬಾಬುಲ್’ ಚಿತ್ರದಿಂದ ಹಾಸ್ಯನಟಿಯಾದರು. ‘ಟುನ್ ಟುನ್’ ಎಂಬ ಹೊಸ ಹೆಸರು ಬಂತು. ಮುಂದೆ ಆ ಹೆಸರೇ ದಪ್ಪ ಹೆಂಗಸರನ್ನು ಹೀಯಾಳಿಸುವ ಪದವಾಯಿತು. ಶಾಲೆಯಲ್ಲಿ ನನ್ನನ್ನೂ ಹಾಗೆ ಕರೆದವರಿದ್ದರು. ಅದು ಒಬ್ಬ ಒಳ್ಳೆಯ ಗಾಯಕಿಯ ಇನ್ನೊಂದು ಹೆಸರು ಎಂದು ನನಗೆ ತಿಳಿದದ್ದು 2003ರಲ್ಲಿ, ಅವರು ತೀರಿಕೊಂಡಾಗ. ನಕ್ಕವರಿಗೂ ನಗಿಸಿದವರಿಗೂ ಆ ಕಂಠದ ನೆನಪು ಉಳಿದಿರಲಿಲ್ಲ.

ಆಮೇಲೆ ಬಂದದ್ದು ಮಾರುಕಟ್ಟೆಯ ಅಳತೆ. 1994ರಲ್ಲಿ ಮಂಗಳೂರು ಮೂಲದ ಐಶ್ವರ್ಯಾ ರೈ ವಿಶ್ವಸುಂದರಿಯಾದಾಗ ಊರಿಗೆ ಊರೇ ಹೆಮ್ಮೆಪಟ್ಟಿತು. 1996ರಲ್ಲಿ ಅದೇ ಸ್ಪರ್ಧೆ ಬೆಂಗಳೂರಿಗೆ ಬಂದಾಗ ರೈತಸಂಘದವರೂ ಮಹಿಳಾ ಸಂಘಟನೆಗಳೂ ಬೀದಿಗಿಳಿದರು. ಆ ಪ್ರತಿಭಟನೆಗಳ ಕಾರಣಗಳು ಬೇರೆ ಬೇರೆಯಾಗಿದ್ದವು. ಸಂಸ್ಕೃತಿಯ ಹೆಸರಿನಲ್ಲಿ ಹೆಣ್ಣಿನ ಬಟ್ಟೆ ಅಳೆಯುವವರೂ ಅಲ್ಲಿದ್ದರು. ಸ್ಪರ್ಧೆ ಮುಗಿಯಿತು, ಪ್ರತಿಭಟನೆಯೂ ಮುಗಿಯಿತು, ಅಳತೆಪಟ್ಟಿ ಮಾತ್ರ ಮನೆಮನೆಗೆ ಬಂದು ಉಳಿಯಿತು. 2008ರಲ್ಲಿ ‘ತಶನ್’ ಚಿತ್ರಕ್ಕಾಗಿ ಕರೀನಾ ಕಪೂರ್ ಮೈ ಇಳಿಸಿಕೊಂಡಾಗ ‘ಸೈಜ್ ಜೀರೋ’ ಎಂಬ ಮಾತು ಕನ್ನಡ ಪತ್ರಿಕೆಗಳ ಪುರವಣಿಗಳಿಗೂ ಬಂತು. ಸೊನ್ನೆಯಾಗುವುದೇ ಒಂದು ಸಾಧನೆ ಎನ್ನುವ ಕಾಲವದು.

ಈ ಹಿನ್ನೆಲೆಯಲ್ಲಿ ‘ಮೊಟ್ಟೆಯ ಕಥೆ’ಯ ಎರಡು ಮರುರೂಪಗಳನ್ನು ನೋಡಬೇಕು. ಎರಡೂ ಬಂದದ್ದು 2019ರಲ್ಲಿ. ಜೂನ್‌ನಲ್ಲಿ ಮಲಯಾಳದ ‘ತಮಾಶ’, ನವೆಂಬರ್‌ನಲ್ಲಿ ಹಿಂದಿಯ ‘ಉಜ್ಡಾ ಚಮನ್’.

ಅಭಿಷೇಕ್ ಪಾಠಕ್ ನಿರ್ದೇಶನದ ‘ಉಜ್ಡಾ ಚಮನ್’ನಲ್ಲಿ ಜನಾರ್ದನ ದೆಹಲಿಯ ಹಿಂದಿ ಅಧ್ಯಾಪಕ ಚಮನ್ ಆಗಿದ್ದಾನೆ. ಸರಳಾ ಅಪ್ಸರಾ ಆಗಿದ್ದಾಳೆ. ಹೆಸರಿನಲ್ಲೇ ವ್ಯಂಗ್ಯವಿದೆ. ದಪ್ಪ ಹುಡುಗಿಗೆ ಅಪ್ಸರೆ ಎಂದು ಹೆಸರಿಟ್ಟರೆ ನಗು ಬರುತ್ತದೆ ಎಂದು ಚಿತ್ರಕ್ಕೆ ಗೊತ್ತು. ನಮ್ಮನ್ನು ನಗಿಸಿ, ಆಮೇಲೆ ನಕ್ಕದ್ದು ತಪ್ಪು ಎಂದು ಬುದ್ಧಿ ಹೇಳುವುದು ಅದರ ದಾರಿ. ಎರಡೂ ಕಡೆ ಲಾಭ ಮಾಡಿಕೊಳ್ಳುವ ವ್ಯಾಪಾರಿಯ ಜಾಣತನ ಇದು. ಮಾನ್ವಿ ಗಗ್ರೂ ಪಾತ್ರಕ್ಕೆ ತಂದ ಘನತೆಯಿಂದ ಅಪ್ಸರಾ ಅಲ್ಲಲ್ಲಿ ಉಳಿದುಕೊಳ್ಳುತ್ತಾಳೆ. ಆದರೆ ಅವಳ ಪಾಲಿಗೆ ಸಿಗುವುದು ಅದೇ ಕೆಲಸ: ಗಂಡಸಿನ ಕಣ್ಣು ತೆರೆಸುವುದು.

‘ತಮಾಶ’ದ ಹಾದಿಯೇ ಬೇರೆ. ಅಶ್ರಫ್ ಹಂಝ ಅವರ ಮೊದಲ ಚಿತ್ರ. ವಿನಯ್ ಫೋರ್ಟ್ ಮಲಯಾಳ ಅಧ್ಯಾಪಕ ಶ್ರೀನಿವಾಸನ್ ಪಾತ್ರದಲ್ಲಿದ್ದಾರೆ. ಇಲ್ಲಿ ಸರಳಾಳ ಜಾಗದಲ್ಲಿ ಚಿನ್ನು ಬರುತ್ತಾಳೆ. ನಟಿ ಚಿನ್ನು ಚಾಂದ್ನಿ. ಈ ಚಿನ್ನು ಒಳಗೆ ಬಂದಾಗ ಕ್ಷಮೆ ಕೇಳುವವಳ ಹಾಗೆ ಬರುವುದಿಲ್ಲ. ಮನಸಾರೆ ಮಾತಾಡುತ್ತಾಳೆ, ನಗುತ್ತಾಳೆ, ತನ್ನ ಪಾಡಿಗೆ ತಾನು ಇದ್ದಾಳೆ. ಅವಳ ಮೈಯ ಬಗ್ಗೆ ಮುಜುಗರವಿರುವುದು ಸುತ್ತಲಿನವರಿಗೆ. ಇಬ್ಬರೂ ಕೂಡಿರುವ ಫೋಟೋ ಫೇಸ್‌ಬುಕ್ಕಿಗೆ ಬಿದ್ದು, ಗುರುತುಪರಿಚಯವಿಲ್ಲದ ಜನ ಅವನ ತಲೆಗೂ ಅವಳ ಮೈಗೂ ಕಲ್ಲೆಸೆಯತೊಡಗಿದಾಗ ಕುಗ್ಗಿಹೋಗುವವನು ಶ್ರೀನಿವಾಸನ್. ಚಿನ್ನು ಕ್ಯಾಮೆರಾದ ಮುಂದೆ ಕುಳಿತು ನೇರವಾಗಿ ಉತ್ತರಿಸುತ್ತಾಳೆ. ಇದು ನನ್ನ ಮೈ, ಇದರ ಬಗ್ಗೆ ನಿಮ್ಮ ಅಭಿಪ್ರಾಯವನ್ನು ನಾನು ಕೇಳಿಲ್ಲ ಎಂಬುದು ಆ ಮಾತಿನ ಒಟ್ಟು ಧ್ವನಿ.

ಮೂಲ ಕಥೆ ನಮ್ಮದು. ಆದರೆ ಸರಳಾಳಿಗೆ ಮಾತು ಬಂದದ್ದು ಮಲಬಾರಿನಲ್ಲಿ. ಮಂಗಳೂರಿನಿಂದ ಅಲ್ಲಿಗೆ ಒಂದೇ ರೈಲು ಸಾಕು. ಇದನ್ನು ಹೇಳುವಾಗ ನನಗೆ ಅಸೂಯೆಯಿಲ್ಲ, ಸಣ್ಣದೊಂದು ಬೇಸರ ಇದೆ. ‘ತಮಾಶ’ ಕಲಿಸುವ ದೊಡ್ಡ ಸಂಗತಿಯೆಂದರೆ, ಹೆಣ್ಣು ತನ್ನ ಮೈಯನ್ನು ಒಪ್ಪಿಕೊಳ್ಳುವುದು ಗಂಡಸು ಅವಳನ್ನು ಒಪ್ಪಿಕೊಂಡ ಮೇಲೆ ನಡೆಯುವ ಕ್ರಿಯೆಯಲ್ಲ. ಅದು ಅವನು ಬರುವ ಮೊದಲೇ ನಡೆದಿರಬಹುದು. ಅವನು ಬಾರದಿದ್ದರೂ ಅದಕ್ಕೆ ಕುಂದಿಲ್ಲ.

ಈ ಮಾತನ್ನು ಇನ್ನೆರಡು ಚಿತ್ರಗಳ ಪಕ್ಕದಲ್ಲಿಟ್ಟು ನೋಡಬಹುದು. ಎರಡೂ 2015ರವು. ಶರತ್ ಕಟಾರಿಯಾ ಅವರ ‘ದಮ್ ಲಗಾ ಕೆ ಹೈಶಾ’ ಆ ವರ್ಷದ ಅತ್ಯುತ್ತಮ ಹಿಂದಿ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಹರಿದ್ವಾರದ ಕ್ಯಾಸೆಟ್ ಅಂಗಡಿಯ ಹುಡುಗನಿಗೆ ಬಿ.ಎಡ್. ಓದಿದ ಸಂಧ್ಯಾಳನ್ನು ಗಂಟುಹಾಕುತ್ತಾರೆ. ಗೆಳೆಯರ ಮುಂದೆ ಗಂಡ ಅವಳ ಮೈಯನ್ನು ಹೀನಾಯವಾಗಿ ಆಡಿಕೊಂಡಾಗ ಅವಳು ಅಲ್ಲೇ ಅವನ ಕೆನ್ನೆಗೆ ಬಾರಿಸುತ್ತಾಳೆ, ತವರಿಗೆ ಹೊರಟುಬಿಡುತ್ತಾಳೆ. ಆ ಏಟಿನಲ್ಲಿ ನಾವೆಷ್ಟೋ ಜನ ನಮ್ಮ ಹಳೆಯ ಲೆಕ್ಕಗಳನ್ನು ಚುಕ್ತಾ ಮಾಡಿಕೊಂಡೆವು. ಆದರೆ ಚಿತ್ರ ಮುಗಿಯುವುದು ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ಓಡುವ ಸ್ಪರ್ಧೆಯಲ್ಲಿ. ಹೆಸರೇ ಹೇಳುವಂತೆ, ನಮ್ಮ ‘ಐಲಸಾ’ದಂತೆ, ಅದು ಭಾರ ಎತ್ತುವವರ ಕೂಗು. ಸಂಧ್ಯಾ ಹೊರೆ, ಗಂಡ ಅದನ್ನು ಹೊತ್ತು ಗೆದ್ದ ಧೀರ. ಪ್ರೀತಿಯ ದೃಶ್ಯವೇ ಇರಬಹುದು, ಆದರೂ ದಪ್ಪ ಹೆಂಡತಿಯೊಡನೆ ಬಾಳುವುದು ಒಂದು ಸಾಹಸ ಎನ್ನುವ ಭಾವ ಅದರಲ್ಲಿ ಉಳಿದುಬಿಡುತ್ತದೆ.

ತೆಲುಗು, ತಮಿಳಿನಲ್ಲಿ ಬಂದ ‘ಸೈಜ್ ಜೀರೋ’ದ ನಾಯಕಿ ನಮ್ಮ ಮಂಗಳೂರಿನವರೇ ಆದ ಅನುಷ್ಕಾ ಶೆಟ್ಟಿ. ಪಾತ್ರಕ್ಕಾಗಿ ಅವರು ನಿಜವಾಗಿಯೂ ಮೈ ಬೆಳೆಸಿಕೊಂಡರು. ದಿಢೀರ್ ತೂಕ ಇಳಿಸುವ ದಂಧೆಯನ್ನು ಚಿತ್ರ ನೇರವಾಗಿ ಎದುರು ಹಾಕಿಕೊಂಡಿತು. ಆ ಮಟ್ಟಿಗೆ ಅದು ಧೈರ್ಯದ ಕೆಲಸ. ಆದರೆ ಸಂಧ್ಯಾ ಆಗಿದ್ದ ಭೂಮಿ ಪೆಡ್ನೇಕರ್ ಅವರದ್ದಾಗಲಿ ಅನುಷ್ಕಾ ಅವರದ್ದಾಗಲಿ, ಚಿತ್ರ ಮುಗಿದ ಮೇಲೆ ಪತ್ರಿಕೆಗಳು ಬರೆದದ್ದು ತೂಕ ಇಳಿಸಿದ ಕಥೆಯನ್ನೇ. ಏನು ತಿಂದರು, ಎಷ್ಟು ಕಿಲೋ ಇಳಿಸಿದರು, ಎಷ್ಟು ತಿಂಗಳು ಹಿಡಿಯಿತು. ನಟಿಗೆ ದಪ್ಪ ಎನ್ನುವುದು ಒಂದು ವೇಷ. ಪ್ರಶಸ್ತಿ ಬಂದ ಮೇಲೆ ಕಳಚಿಡಬಹುದು. ಚಿತ್ರಮಂದಿರದ ಇಕ್ಕಟ್ಟಾದ ಸೀಟಿನಲ್ಲಿ ಕುಳಿತವಳು ಅದನ್ನು ಎಲ್ಲಿ ಕಳಚಿಡಬೇಕು? ನಟಿಯರನ್ನು ದೂರುವ ಮಾತಲ್ಲ ಇದು. ಅವರ ಮೇಲಿರುವ ಒತ್ತಡ ನಮ್ಮ ಮೇಲಿರುವುದಕ್ಕಿಂತ ಹತ್ತುಪಟ್ಟು ಹೆಚ್ಚು.

ಹತ್ತುಪಟ್ಟು ಎಂದೆ. ಅದಕ್ಕೆ ಬೆಂಗಳೂರೇ ಸಾಕ್ಷಿ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ 21 ವರ್ಷದ ನಟಿಯೊಬ್ಬರು ಮೈಯ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆಂದು ಖಾಸಗಿ ಆಸ್ಪತ್ರೆಯೊಂದಕ್ಕೆ ಹೋಗಿ ಜೀವಂತ ಹಿಂದಿರುಗಲಿಲ್ಲ. ಸುದ್ದಿಯ ಜೊತೆ ಬಂದ ಅವರ ಫೋಟೋಗಳನ್ನು ನೋಡುತ್ತ ಕುಳಿತಿದ್ದೆ. ಯಾವ ಕೊಬ್ಬನ್ನು ತೆಗೆಸಬೇಕಿತ್ತು ಎಂದು ಎಷ್ಟು ಹುಡುಕಿದರೂ ನನಗೆ ಕಾಣಿಸಲಿಲ್ಲ. ಕೆಲವೇ ದಿನ ಚರ್ಚೆ ನಡೆದು ಎಲ್ಲರೂ ಮರೆತರು. ತೂಕದ ಮಾತು ನಗುವ ಮಾತಲ್ಲ ಎನ್ನುವುದಕ್ಕೆ ಇನ್ನೇನು ಬೇಕು?

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ‘ಒಪ್ಪಿಕೊಳ್ಳಿ ಎನ್ನುತ್ತೀರಲ್ಲ, ಆರೋಗ್ಯದ ಗತಿಯೇನು? ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು?’ ನ್ಯಾಯವಾದ ಪ್ರಶ್ನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 30ರಷ್ಟು ಮಂದಿ ಅಧಿಕ ತೂಕದವರು. ಗಂಡಸರಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದೇ ಸಮೀಕ್ಷೆಯಲ್ಲಿ ಸುಮಾರು ಶೇ. 17ರಷ್ಟು ಮಹಿಳೆಯರು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ತೂಕ ಹೆಚ್ಚಿದರೆ ಕೆಲವು ಕಾಯಿಲೆಗಳ ಅಪಾಯ ಹೆಚ್ಚುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಳೆಯುವ ಕೋಲನ್ನೂ ಸ್ವಲ್ಪ ನೋಡಬೇಕು. ಎತ್ತರಕ್ಕೂ ತೂಕಕ್ಕೂ ಲೆಕ್ಕ ಹಾಕುವ ಬಾಡಿ ಮಾಸ್ ಇಂಡೆಕ್ಸ್ ಹುಟ್ಟಿದ್ದು 1830ರ ದಶಕದಲ್ಲಿ, ಬೆಲ್ಜಿಯಂನ ಕೆಟ್ಲೆ ಎಂಬ ಗಣಿತಜ್ಞನ ಕೈಯಲ್ಲಿ. ಅವನು ಹುಡುಕುತ್ತಿದ್ದದ್ದು ಜನಸಮೂಹದ ಸರಾಸರಿಯನ್ನು, ಒಬ್ಬ ರೋಗಿಯ ಆರೋಗ್ಯವನ್ನಲ್ಲ. ಈಗಿನ ಹೆಸರು ಬಂದದ್ದು 1972ರಲ್ಲಿ. ಆ ಸಂಖ್ಯೆಯೊಂದನ್ನೇ ನಂಬಿ ಬೊಜ್ಜನ್ನು ಕಾಯಿಲೆಯೆಂದು ತೀರ್ಮಾನಿಸಬಾರದು, ಅದರಿಂದ ಅಂಗಾಂಗಗಳಿಗೆ ತೊಂದರೆಯಾಗಿದೆಯೇ ಎಂದು ನೋಡಬೇಕು ಎಂದು 2025ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಆಯೋಗವೇ ಹೇಳಿತು.

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ಒಮ್ಮೆ ಕಿವಿನೋವಿಗೆಂದು ವೈದ್ಯರಲ್ಲಿಗೆ ಹೋಗಿದ್ದೆ. ಕಿವಿಯನ್ನು ನೋಡುವ ಮೊದಲು ಅವರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಸಂಖ್ಯೆಯನ್ನು ಗಟ್ಟಿಯಾಗಿ ಓದಿದರು. ಹೊರಗೆ ಬೆಂಚಿನಲ್ಲಿ ಕುಳಿತವರಿಗೂ ಕೇಳಿಸಿತು. ‘ಮೊದಲು ಇದನ್ನು ಇಳಿಸಿ’ ಎಂದರು. ಕಿವಿಗೆ ಹನಿ ಬರೆದುಕೊಟ್ಟರು. ಆ ದಿನದಿಂದ ಎರಡು ವರ್ಷ ನಾನು ಯಾವ ವೈದ್ಯರ ಬಳಿಗೂ ಹೋಗಲಿಲ್ಲ. ಬಾಯಾರಿಕೆ, ಸುಸ್ತು ಎಲ್ಲವನ್ನೂ ನುಂಗಿಕೊಂಡೆ. ಕೊನೆಗೆ ಅತ್ತಿಗೆ ಕೈಹಿಡಿದು ಎಳೆದುಕೊಂಡು ಹೋದಾಗ ರಕ್ತದಲ್ಲಿ ಸಕ್ಕರೆ ಏರಿ ಎಷ್ಟೋ ದಿನವಾಗಿತ್ತು. ಎರಡು ವರ್ಷ ಮೊದಲೇ ಗೊತ್ತಾಗಬಹುದಿತ್ತು. ನನ್ನನ್ನು ತಡೆದದ್ದು ದಪ್ಪವಲ್ಲ, ನಾಚಿಕೆ.

ಈಗ ದಿನವೂ ಸಂಜೆ ನಡೆಯುತ್ತೇನೆ. ಮಾತ್ರೆ ತೆಗೆದುಕೊಳ್ಳುತ್ತೇನೆ. ತೂಕ ಹೆಚ್ಚೇನೂ ಇಳಿದಿಲ್ಲ, ಸಕ್ಕರೆ ಹಿಡಿತಕ್ಕೆ ಬಂದಿದೆ. ಮೊದಲು ನಡೆಯಲು ನಾಚಿಕೆಯಾಗುತ್ತಿತ್ತು, ‘ನೋಡು, ಇಳಿಸಲು ಹೊರಟಿದ್ದಾಳೆ’ ಎನ್ನುತ್ತಾರೆಂದು. ಮೈಯನ್ನು ಒಪ್ಪಿಕೊಂಡ ಮೇಲೆಯೇ ಅದನ್ನು ನೋಡಿಕೊಳ್ಳಲು ನನಗೆ ಸಾಧ್ಯವಾದದ್ದು. ಬೇಡವೆಂದುಕೊಂಡ ಮನೆಯ ಸೂರು ಸೋರಿದರೆ ಯಾರು ಹಂಚು ಬದಲಾಯಿಸುತ್ತಾರೆ? ಒಪ್ಪಿಕೊಳ್ಳುವುದೆಂದರೆ ಕೈಚೆಲ್ಲುವುದು ಎಂದು ತಿಳಿದವರಿಗೆ ನಾನು ಹೇಳಬಹುದಾದದ್ದು ಇಷ್ಟೇ. ಇಂದು ತೂಕ ಇಳಿಸುವ ದುಬಾರಿ ಚುಚ್ಚುಮದ್ದುಗಳೂ ನಮ್ಮ ಅಂಗಡಿಗಳಿಗೆ ಬಂದಿವೆ. ವೈದ್ಯರ ಸಲಹೆಯ ಮೇಲೆ ಬೇಕಾದವರು ತೆಗೆದುಕೊಳ್ಳಲಿ, ಅದು ಅವರ ಆಯ್ಕೆ. ಆದರೆ ನಾಚಿಕೆಯನ್ನು ಇಳಿಸುವ ಚುಚ್ಚುಮದ್ದು ಯಾವ ಅಂಗಡಿಯಲ್ಲೂ ಇಲ್ಲ.

ನಾನು ನೋಡಿದ ಈ ಚಿತ್ರಗಳಲ್ಲಿ ಕಾಣದೆ ಹೋದದ್ದು ಇದೇ ದಾರಿ. ‘ತಮಾಶ’ದ ಚಿನ್ನು ಸಹ ನಮ್ಮೆದುರು ಬರುವಾಗಲೇ ಕಲಿತು ಮುಗಿಸಿದವಳು. ಅವಳನ್ನು ಮೆಚ್ಚಬಹುದು, ಆದರೆ ಅವಳು ಹೇಗೆ ಅಲ್ಲಿಗೆ ಮುಟ್ಟಿದಳು ಎಂದು ತಿಳಿಯದೆ ಹಿಂಬಾಲಿಸುವುದು ಕಷ್ಟ. ನಿಜ ಜೀವನದಲ್ಲಿ ಯಾರೂ ಒಂದೇ ದಿನ ಕ್ಯಾಮೆರಾದ ಮುಂದೆ ಕುಳಿತು ಧೈರ್ಯವಂತರಾಗುವುದಿಲ್ಲ. ಅದು ಸಣ್ಣಸಣ್ಣ ಸಂಗತಿಗಳಲ್ಲಿ ನಡೆಯುತ್ತದೆ. ‘ಇಳಿದ ಮೇಲೆ ಹಾಕುತ್ತೇನೆ’ ಎಂದು ಹತ್ತು ವರ್ಷ ಕಪಾಟಿನಲ್ಲಿಟ್ಟ ಚೂಡಿದಾರವನ್ನು ತಂಗಿಯ ಮಗಳಿಗೆ ಕೊಟ್ಟುಬಿಡುವುದು. ಟೈಲರ್ ಬಳಿ ‘ಸ್ವಲ್ಪ ಬಿಗಿ ಇರಲಿ, ಇಳಿಯುತ್ತೇನೆ’ ಎನ್ನದೆ ಇದ್ದ ಅಳತೆಯನ್ನೇ ಕೊಡುವುದು. ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿಗೆ ಸರಿಯದಿರುವುದು. ಮದುವೆಯ ಊಟದಲ್ಲಿ ಇನ್ನೊಂದು ಹೋಳಿಗೆ ಬೇಡವೆಂದರೆ ಅದು ಸಕ್ಕರೆಗಾಗಿ, ಪಕ್ಕದ ಎಲೆಯವರ ಕಣ್ಣಿಗಾಗಿ ಅಲ್ಲ ಎಂದು ತನಗೆ ತಾನೇ ಸ್ಪಷ್ಟವಾಗಿರುವುದು. ಇವುಗಳಲ್ಲಿ ಒಂದೂ ನಾಟಕೀಯವಲ್ಲ. ಸಿನಿಮಾದವರಿಗೆ ಇದರಲ್ಲಿ ದೃಶ್ಯ ಕಾಣದಿರಬಹುದು. ಕಂಡರೆ ಅದೇ ದೊಡ್ಡ ಸಿನಿಮಾ.

‘ಒಂದು ಮೊಟ್ಟೆಯ ಕಥೆ’ಯ ಮೇಲೆ ನನಗೆ ಸಿಟ್ಟಿಲ್ಲ. ತಲೆಯಲ್ಲಿ ಕೂದಲಿಲ್ಲದ ಹುಡುಗನೊಬ್ಬ ತನ್ನ ಸಂಕಟವನ್ನು ತಾನೇ ಬರೆದು, ತಾನೇ ನಟಿಸಿ ತೆರೆಗೆ ತಂದದ್ದರಿಂದಲೇ ಆ ಚಿತ್ರಕ್ಕೆ ಅಷ್ಟು ಸತ್ಯ ಬಂತು. ಅದರ ಶಕ್ತಿ ಇದ್ದದ್ದು ಅಲ್ಲಿಯೇ. ನನ್ನ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇದೆ. ಜನಾರ್ದನನ ಕಥೆಯನ್ನು ಜನಾರ್ದನನೇ ಹೇಳಿದ. ಸರಳಾಳ ಕಥೆಯನ್ನು ಸರಳಾಳೇ ಹೇಳಬೇಕು. ಕಾಲೇಜುಗಳಲ್ಲಿ, ಕಚೇರಿಗಳಲ್ಲಿ, ಬಸ್ಸುಗಳಲ್ಲಿ ಮೈಯನ್ನು ಮುದುಡಿಕೊಂಡು ಕುಳಿತ ಎಷ್ಟೋ ಸರಳಾಗಳು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಒಬ್ಬಳು ಪೆನ್ನನ್ನೋ ಕ್ಯಾಮೆರಾವನ್ನೋ ಕೈಗೆತ್ತಿಕೊಳ್ಳುವ ದಿನ ನಾನು ಮತ್ತೆ ಚಿತ್ರಮಂದಿರಕ್ಕೆ ಹೋಗುತ್ತೇನೆ. ಸೀಟು ಇಕ್ಕಟ್ಟಾಗಿದ್ದರೂ ಚಿಂತೆಯಿಲ್ಲ. ಅಂದು ನಗುವ ಜಾಗದಲ್ಲಿ ಎಲ್ಲರ ಜೊತೆ ನಾನೂ ನಗಬಹುದು.